2002ರ ಹೋಂಡಾ ಸಿಟಿ ವಿಟೆಕ್‌ಗೆ 4.75 ಲಕ್ಷ ಕೇಳುತ್ತಿದ್ದಾರೆ, ಕೊಡಬಹುದಾ?

ಕೆಎ05_ಪಯಣಿಗ:

ನಮಸ್ಕಾರ ಎಲ್ಲರಿಗೂ. ಹಳೇ ಸಿಟಿ ವಿಟೆಕ್ ಇಟ್ಟುಕೊಂಡವರು, ರಿಪೇರಿ ಮಾಡಿದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ನೋಡಿ ಬಂದಿರುವ ಗಾಡಿ 2002ರ 1.5 ವಿಟೆಕ್ (ಆರ್‌ಪಿಎಮ್ ಏರಿದಾಗ ವಾಲ್ವ್ ತೆರೆಯುವ ರೀತಿ ಬದಲಾಯಿಸಿ ಜಾಸ್ತಿ ಶಕ್ತಿ ಕೊಡುವ ಹೋಂಡಾ ಎಂಜಿನ್), ಟೈಪ್ 2, ಅಂದರೆ ಮುಖ ಬದಲಾದ ಎರಡನೇ ರೂಪ. ಬೆಂಗಳೂರು ರಿಜಿಸ್ಟ್ರೇಷನ್, ಈಗಿರುವವರು ಎರಡನೇ ಓನರ್. ಮೀಟರ್‌ನಲ್ಲಿ 91,000 ಕಿಲೋಮೀಟರ್ ತೋರಿಸುತ್ತದೆ. ಆರ್‌ಸಿ 2027ರವರೆಗೆ ರಿನ್ಯೂ ಆಗಿದೆ. ಹೊರಗಿನಿಂದ ನೋಡಿದರೆ ಗಾಡಿ ಹೊಳೆಯುತ್ತಿದೆ. ಒಳಗಡೆ ಸೀಟು ಬಟ್ಟೆ ಕಂಪನಿಯದೇ, ಸ್ಟೀರಿಂಗ್ ಸ್ವಲ್ಪ ಸವೆದಿದೆ. ಒಂದು ರೌಂಡ್ ಓಡಿಸಿದೆ. ಮೇಲಿನ ಆರ್‌ಪಿಎಮ್‌ನಲ್ಲಿ ಎಂಜಿನ್ ದನಿ ಬದಲಾಗುತ್ತದಲ್ಲ, ಅದನ್ನು ಕೇಳಿದ ಮೇಲೆ ನನ್ನ ಬುದ್ಧಿ ಅರ್ಧ ಕೈಕೊಟ್ಟಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ತೊಂದರೆ ರೇಟಿನದು. ಎರಡು ಮೂರು ವರ್ಷದ ಹಿಂದೆ ಸುಮ್ನೆ ನೋಡುತ್ತಿದ್ದಾಗ ಎರಡು, ಎರಡೂವರೆ ಲಕ್ಷಕ್ಕೆ ಇಂಥ ಗಾಡಿ ಕಾಣುತ್ತಿತ್ತು. ಈಗ ನಾಲ್ಕರ ಕೆಳಗೆ ಯಾರೂ ಮಾತೇ ಎತ್ತುವುದಿಲ್ಲ. ಒಬ್ಬರು ಆರೂವರೆ ಅಂತ ಹಾಕಿದ್ದಾರೆ. ನಾನು ನೋಡಿದ ಗಾಡಿಯವರು 4.75 ಅನ್ನುತ್ತಾರೆ, ಜೊತೆಗೆ "ಮುಂದಿನ ವರ್ಷ ಇದೇ ಗಾಡಿ ಆರು ಲಕ್ಷ ಸರ್, ಬೇಕಾದರೆ ಬರೆದಿಟ್ಟುಕೊಳ್ಳಿ" ಅಂತ ಡೈಲಾಗ್ ಬೇರೆ.

ಕೇಳಬೇಕಾಗಿದ್ದು ಇಷ್ಟೇ. ಇಂಥ ಗಾಡಿಗೆ ನಿಜವಾದ ಬೆಲೆ ಎಷ್ಟು ಅಂತ ತಿಳಿಯುವುದು ಹೇಗೆ? ರೇಟ್ ಏರುತ್ತಲೇ ಇದ್ದರೆ ಈಗಲೇ ಜಾಸ್ತಿ ಕೊಟ್ಟು ತಗೊಳ್ಳುವುದು ಸರಿಯಾ? ದಿನಾ ಓಡಿಸಲು ಮನೆಯಲ್ಲಿ ಬೇರೆ ಕಾರಿದೆ. ಇದು ಭಾನುವಾರದ ಗಾಡಿ.

ಹಳೆಗಾಡಿ_ಹುಚ್ಚ:

ಗುರು, ಯೋಚನೆ ಮಾಡುತ್ತಾ ಕೂತರೆ ಬೇರೆ ಯಾರೋ ಎತ್ತಿಕೊಂಡು ಹೋಗುತ್ತಾರೆ ಅಷ್ಟೇ.

ಯಾಕೆ ಏರುತ್ತಿದೆ ಅಂತ ನೋಡು. ಈ ಗಾಡಿಗೆ 106 ಬಿಎಚ್‌ಪಿ, ತೂಕ ಹೆಚ್ಚು ಕಡಿಮೆ ಒಂದು ಟನ್. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಆ ದುಡ್ಡಿಗೆ ಇಂಥದ್ದು ಬೇರೆ ಇರಲಿಲ್ಲ. 2003ರ ಕೊನೆಗೆ ಹೋಂಡಾ ಇದನ್ನು ನಿಲ್ಲಿಸಿ ಹೊಸ ಸಿಟಿ ತಂದಿತು. ಅದರಲ್ಲಿ ಐ-ಡಿಎಸ್‌ಐ ಎಂಜಿನ್, 77 ಬಿಎಚ್‌ಪಿ. ಮೈಲೇಜ್ ಚೆನ್ನಾಗಿತ್ತು, ಜಾಗ ಚೆನ್ನಾಗಿತ್ತು, ಫ್ಯಾಮಿಲಿಯವರು ಖುಷಿಯಾದರು. ಓಡಿಸುವವರು ಮಾತ್ರ ಬೈದುಕೊಂಡು ಹಳೇದನ್ನೇ ಹುಡುಕಲು ಶುರು ಮಾಡಿದರು. ಅಂದಿನಿಂದಲೇ ಇದಕ್ಕೆ ಕಲ್ಟ್ ಹೆಸರು.

ಆಗ ಕಾಲೇಜಲ್ಲಿದ್ದು ಈ ಕಾರನ್ನು ಆಸೆಗಣ್ಣಿಂದ ನೋಡಿದವರಿಗೆಲ್ಲ ಈಗ ನಲವತ್ತು ದಾಟಿದೆ, ಕೈಯಲ್ಲಿ ದುಡ್ಡಿದೆ. ಗಾಡಿ ಮಾತ್ರ ವರ್ಷ ವರ್ಷ ಕಡಿಮೆ ಆಗುತ್ತಿದೆ. ಅರ್ಧ ಗುದ್ದಿ ಹೋದವು, ಇನ್ನರ್ಧ ಕಂಡಕಂಡ ಸ್ಟಿಕರ್, ಸ್ಪಾಯ್ಲರ್ ಮೆತ್ತಿಸಿಕೊಂಡು ಹಾಳಾದವು. ಆರ್‌ಎಕ್ಸ್ 100 ನೆನಪಿಸಿಕೋ. 1996ರಲ್ಲಿ ನಿಂತ ಬೈಕು, ಇವತ್ತು ಚೆನ್ನಾಗಿರುವುದಕ್ಕೆ ಲಕ್ಷದ ಮೇಲೆ ಕೇಳುತ್ತಾರೆ. ಒಂದು ಕಾಲದಲ್ಲಿ ಹದಿನೈದು ಸಾವಿರಕ್ಕೆ ಬೇಡ ಅಂದವರು ನನ್ನ ಫ್ರೆಂಡ್ಸ್‌ನಲ್ಲೇ ಇದ್ದಾರೆ.

ಗಾಡಿ ಅಸಲಿ ಆಗಿದ್ದರೆ 4.75 ಜಾಸ್ತಿ ಏನಲ್ಲ. ತಗೋ.

ಲೆಕ್ಕದ_ಪುಸ್ತಕ:

ಮೇಲಿನ ಹುಚ್ಚ ಅವರೇ, ಗಾಡಿ ನಿಮ್ಮದೇನಾ? 😄

ಹಳೆಗಾಡಿ_ಹುಚ್ಚ:

ನನ್ನದಾಗಿದ್ದರೆ ಮಾರುತ್ತಲೇ ಇರಲಿಲ್ಲ ಸ್ವಾಮಿ.

ಮೈಸೂರು_ಸ್ಪ್ಯಾನರ್:

ರೇಟಿನ ಮಾತು ಆಮೇಲೆ. ಮೊದಲು ಅದು ವಿಟೆಕ್ ಹೌದೋ ಅಲ್ಲವೋ ನೋಡಿ. ನಾನು ಹೋಂಡಾ ಗಾಡಿಗಳ ಕೆಲಸ ಮಾಡುವವನು. ರೇಟ್ ಏರಿದ ಮೇಲೆ ಬ್ಯಾಡ್ಜ್ ಅಂಟಿಸಿದ ಗಾಡಿಗಳೂ ಜಾಸ್ತಿ ಆಗಿವೆ.

1.3 ಎಂಜಿನ್ 1343 ಸಿಸಿ, ಅದು ಆರ್‌ಸಿ ನೋಡಿದ ತಕ್ಷಣ ಗೊತ್ತಾಗುತ್ತದೆ. ಆದರೆ ವಿಟೆಕ್ ಇಲ್ಲದ 1.5 ಇಎಕ್ಸ್‌ಐ ಕೂಡ 1493 ಸಿಸಿ, ವಿಟೆಕ್ ಕೂಡ 1493 ಸಿಸಿ. ಆದ್ದರಿಂದ ಸಿಸಿ ನೋಡಿ ಮೋಸ ಹೋಗಬೇಡಿ. ಆರ್‌ಸಿಯಲ್ಲಿ ಮಾಡೆಲ್ ಹೆಸರು ಏನು ಬರೆದಿದೆ, ಎಂಜಿನ್ ನಂಬರ್ ಬ್ಲಾಕ್ ಮೇಲಿರುವುದಕ್ಕೆ ಹೊಂದುತ್ತದಾ, ಚಾಸಿ ನಂಬರ್ ಪಂಚ್ ಆಗಿರುವ ಜಾಗದಲ್ಲಿ ಉಜ್ಜಿದ, ವೆಲ್ಡ್ ಮಾಡಿದ ಗುರುತು ಇದೆಯಾ, ಇಷ್ಟು ನೋಡಿ. ಒಂದು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರದ ಅಂಚು ಸೊಟ್ಟಗಿದ್ದರೆ ಕಾಣುತ್ತದೆ. ಆಮೇಲೆ ಬಾನೆಟ್ ಎತ್ತಿ ಸಿಲಿಂಡರ್ ಹೆಡ್ ಪಕ್ಕದಲ್ಲಿ ವಿಟೆಕ್ ಸೊಲೆನಾಯ್ಡ್ (ವಿಟೆಕ್ ಚಾಲೂ ಮಾಡುವ ಕರೆಂಟ್ ವಾಲ್ವ್) ಇದೆಯಾ, ಅದಕ್ಕೆ ವೈರ್ ಹೋಗಿದೆಯಾ ನೋಡಿ. ಸೊಲೆನಾಯ್ಡ್ ಇದ್ದು ವೈರ್ ಕಿತ್ತು ಬಿಟ್ಟಿರುವ ಗಾಡಿ ಕೂಡ ನಮ್ಮ ಹತ್ತಿರ ಬಂದಿದೆ. ಓನರ್‌ಗೆ ಗೊತ್ತೇ ಇರಲಿಲ್ಲ, "ಪಿಕಪ್ ಸ್ವಲ್ಪ ಕಡಿಮೆ" ಅಂತ ತಂದಿದ್ದರು.

ಆ ಸೊಲೆನಾಯ್ಡ್‌ನ ಗ್ಯಾಸ್ಕೆಟ್‌ನಲ್ಲಿ ಆಯಿಲ್ ಒಸರುವುದು ಮಾಮೂಲಿ, ಹೆದರಬೇಡಿ. ಸಣ್ಣ ಕೆಲಸ.

ಹೆದರಬೇಕಾಗಿರುವುದು ಟೈಮಿಂಗ್ ಬೆಲ್ಟ್‌ಗೆ. ಇದು ಚೈನ್ ಅಲ್ಲ, ರಬ್ಬರ್ ಬೆಲ್ಟ್. ಕಿತ್ತರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಹೆಡ್ ಕೆಲಸ ಪೂರ್ತಿ ಬರುತ್ತದೆ. "ಹೋದ ವರ್ಷ ತಾನೇ ಹಾಕಿಸಿದ್ದು ಸರ್" ಅಂತ ಎಲ್ಲರೂ ಹೇಳುತ್ತಾರೆ. ಬಿಲ್ ಇಲ್ಲ ಅಂದರೆ ಹಾಕಿಸಿಲ್ಲ ಅಂತಲೇ ಲೆಕ್ಕ. 91,000 ಓಡಿದ್ದು ನಿಜವೇ ಆದರೂ ಇಷ್ಟು ವರ್ಷಕ್ಕೆ ರಬ್ಬರ್ ತಾನಾಗಿಯೇ ಒಣಗುತ್ತದೆ.

ಇನ್ನೊಂದು ಪರೀಕ್ಷೆ ಹೇಳುತ್ತೇನೆ, ದುಡ್ಡು ಖರ್ಚಿಲ್ಲ. ಗಾಡಿಯನ್ನು ಚೆನ್ನಾಗಿ ಓಡಿಸಿ, ಬಿಸಿಲಲ್ಲಿ ಕಿಟಕಿ ಮುಚ್ಚಿ ಅರ್ಧ ಗಂಟೆ ನಿಲ್ಲಿಸಿ. ವಾಪಸ್ ಬಂದು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅಂತ ಪೆಟ್ರೋಲ್ ಪಂಪ್ ಸದ್ದು ಬರಬೇಕು. ಬರದಿದ್ದರೆ ಮೇನ್ ರಿಲೇ (ಪಂಪ್‌ಗೆ ಕರೆಂಟ್ ಕೊಡುವ ಸ್ವಿಚ್) ಒಳಗೆ ಬೆಸುಗೆ ಬಿರುಕು ಬಿಟ್ಟಿದೆ ಅಂತ ಅರ್ಥ. ಆ ಕಾಲದ ಹೋಂಡಾಗಳಿಗೆಲ್ಲ ಇರುವ ಕಾಯಿಲೆ ಅದು. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಬಿಸಿಗೆ ಕೈಕೊಡುತ್ತದೆ. ರಿಲೇ ಬಿಚ್ಚಿ ಮತ್ತೆ ಬೆಸುಗೆ ಹಾಕಿದರೆ ಸರಿಹೋಗುತ್ತದೆ, ಚಿಲ್ಲರೆ ಖರ್ಚು. ಆದರೆ ಮಾರುವವರಿಗೆ ಸಾಮಾನ್ಯವಾಗಿ ಇದು ಗೊತ್ತಿರುವುದಿಲ್ಲ, ಗಾಡಿಗೆ ಏನೋ ದೊಡ್ಡ ರೋಗ ಅಂದುಕೊಂಡು ಮಾರಲು ಹೊರಟಿರುತ್ತಾರೆ. ಚೌಕಾಸಿಗೆ ಇದಕ್ಕಿಂತ ಒಳ್ಳೇ ಪಾಯಿಂಟ್ ಬೇಡ.

ಹೊಗೆ ನೋಡುವ ರೀತಿ: ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಲೋಡ್‌ನಲ್ಲಿ ಎಳೆಯುವಾಗ ಬರುತ್ತಲೇ ಇದ್ದರೆ ರಿಂಗ್ ಹೋಗಿದೆ. ಕಂಪ್ರೆಷನ್ ಚೆಕ್ ಮಾಡಿಸಿ, ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಬರಬೇಕು.

ಇಷ್ಟೆಲ್ಲ ಬರೆದ ಮೇಲೂ ಹೇಳುತ್ತೇನೆ, ಈ ಗಾಡಿಯಲ್ಲಿ ಎಂಜಿನ್ ಬಗ್ಗೆ ತಲೆಕೆಡಿಸಿಕೊಳ್ಳುವುದು ಕಡಿಮೆ ಸಾಕು. ಎಂಜಿನ್ ಮಾಡಬಹುದು, ಸಾಮಾನು ಹೇಗೋ ಸಿಗುತ್ತದೆ, ಥಾಯ್ಲೆಂಡ್‌ನಿಂದಲೂ ತರಿಸುವವರಿದ್ದಾರೆ. ಬಾಡಿ ಮತ್ತು ಕಾಗದ ಕೆಟ್ಟಿದ್ದರೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ.

ಕುಡ್ಲ_ಡ್ರೈವ್ಸ್:

ಸ್ಪ್ಯಾನರ್ ಅವರು ಕೊನೆಗೆ ಹೇಳಿದ್ದನ್ನೇ ನಾನು ಮೊದಲು ಹೇಳುತ್ತೇನೆ ಮಾರಾಯ್ರೇ. ಬಾಡಿ, ಬಾಡಿ, ಬಾಡಿ.

ಬೆಂಗಳೂರು ರಿಜಿಸ್ಟ್ರೇಷನ್ ಅಂದ ಮಾತ್ರಕ್ಕೆ ಗಾಡಿ ಬೆಂಗಳೂರಲ್ಲೇ ಇತ್ತು ಅಂತ ಅಲ್ಲ. ನಮ್ಮ ಕಡೆ ಕೆಲಸಕ್ಕೆ ಬಂದವರ ಕೆಎ 01, ಕೆಎ 03 ಗಾಡಿಗಳು ಹತ್ತು ವರ್ಷ ಉಪ್ಪು ಗಾಳಿ ಕುಡಿದು ವಾಪಸ್ ಹೋಗಿವೆ. ಇನ್ಶೂರೆನ್ಸ್ ಪಾಲಿಸಿಗಳ ಹಳೇ ಕಾಪಿ ಕೇಳಿ, ಅದರಲ್ಲಿ ವಿಳಾಸ ಇರುತ್ತದೆ. ಸರ್ವಿಸ್ ಬಿಲ್ ಯಾವ ಊರಿನದು ನೋಡಿ.

ಎಲ್ಲಿ ನೋಡಬೇಕು ಅಂದರೆ, ಬಾಗಿಲು ತೆಗೆದು ಕೆಳಗಿನ ಅಂಚಿಗೆ ಬೆರಳು ಹಾಕಿ ಸವರಿ. ಅಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಮಣ್ಣು ತುಂಬಿ ಮುಚ್ಚಿದ್ದರೆ ಒಳಗಿನಿಂದ ತಿಂದಿರುತ್ತದೆ. ಹಿಂದಿನ ಚಕ್ರದ ಕಮಾನಿನ ಒಳಗಂಚು. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದ್ದರೆ ಬಿಚ್ಚಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಆ ಗುಂಡಿಯ ತಳ ನೋಡಿ. ಡ್ರೈವರ್ ಕಾಲಡಿಯ ಕಾರ್ಪೆಟ್ ಎತ್ತಿ. ಎತ್ತಲು ಬಿಡುವುದಿಲ್ಲ ಅಂದರೆ ನಮಸ್ಕಾರ ಹೇಳಿ ಹೊರಡಿ.

"ಹೊಳೆಯುತ್ತಿದೆ" ಅಂತ ಬರೆದಿದ್ದೀರಲ್ಲ, ಇಷ್ಟು ಹಳೇ ಬಿಳಿ ಗಾಡಿಯೋ ಕಪ್ಪು ಗಾಡಿಯೋ ಗೊತ್ತಿಲ್ಲ, ಹೊಳೆಯುತ್ತಿದೆ ಅಂದರೆ ನನಗೆ ಸಂತೋಷಕ್ಕಿಂತ ಅನುಮಾನ ಜಾಸ್ತಿ. ಗೆದ್ದಲು ತಿಂದ ಬಾಗಿಲಿಗೆ ಎನಾಮಲ್ ಬಳಿದ ಹಾಗೆ ಮಾಡಿರುತ್ತಾರೆ ಕೆಲವರು. ಪೇಂಟ್ ದಪ್ಪ ಅಳೆಯುವ ಮೀಟರ್ ಈಗ ಸಸ್ತಾ ಸಿಗುತ್ತದೆ. ಕಂಪನಿ ಪೇಂಟ್ ಆದರೆ ಸುಮಾರು 100ರಿಂದ 150 ಮೈಕ್ರಾನ್. ಮತ್ತೆ ಪೇಂಟ್ ಹೊಡೆದಿದ್ದರೆ ಅದರ ಎರಡರಷ್ಟು, ಮೂರರಷ್ಟು. ಸಾವಿರ ದಾಟಿದರೆ ಒಳಗೆ ಪುಟ್ಟಿ ಇದೆ, ಅಲ್ಲೇನೋ ಮುಚ್ಚಿದ್ದಾರೆ.

ಗಾಜುಗಳ ಮೂಲೆಯಲ್ಲಿ ಮಾರ್ಕ್ ಇರುತ್ತದೆ, ತಯಾರಾದ ವರ್ಷದ ಸುಳಿವು ಅದರಲ್ಲೇ ಸಿಗುತ್ತದೆ. ಎಲ್ಲ ಗಾಜು ಒಂದೇ ಥರ ಇದ್ದರೆ ಒಳ್ಳೆಯದು. ಒಂದು ಬಾಗಿಲಿನದು ಮಾತ್ರ ಬೇರೆ ಇದ್ದರೆ ಆ ಕಡೆ ಯಾರೋ ಗುದ್ದಿದ್ದಾರೆ ಅಂತ ಇಟ್ಟುಕೊಳ್ಳಿ.

ಲೆಕ್ಕದ_ಪುಸ್ತಕ:

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ.

ಪಯಣಿಗ ಅವರೇ, ನೀವು ನೋಡುತ್ತಿರುವುದು ಕೇಳುವ ರೇಟ್. ಮಾರಿಹೋದ ರೇಟ್ ಅಲ್ಲ. ಈ ಎರಡರ ನಡುವೆ ಎಷ್ಟು ಅಂತರ ಅಂತ ನಮ್ಮ ದೇಶದಲ್ಲಿ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಒಬ್ಬ ಆರೂವರೆ ಅಂತ ಹಾಕುತ್ತಾನೆ, ಅದನ್ನು ನೋಡಿ ಇನ್ನೊಬ್ಬ ಐದೂವರೆ ಅಂತಾನೆ, ಅವನನ್ನು ನೋಡಿ ನಿಮ್ಮ ಪಾರ್ಟಿ 4.75 ಹೇಳಿ "ನಾನು ಕಡಿಮೆಗೇ ಕೊಡುತ್ತಿದ್ದೇನೆ" ಅಂತ ನಂಬಿಕೊಳ್ಳುತ್ತಾನೆ. ಆರೂವರೆಯ ಗಾಡಿ ಮಾತ್ರ ಅಲ್ಲೇ ಧೂಳು ಹಿಡಿಯುತ್ತಾ ನಿಂತಿರುತ್ತದೆ. ರೇಟ್ ಏರಿಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಏರಿದೆ. ಜಾಹೀರಾತಿನಲ್ಲಿ ಏರಿದಷ್ಟು ಏರಿಲ್ಲ.

ಮಾಡಬೇಕಾಗಿದ್ದು ಏನು ಅಂದರೆ, ಈಗ ಕಾಣುವ ಎಲ್ಲ ಜಾಹೀರಾತುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಒಂದು ತಿಂಗಳು ಬಿಟ್ಟು ಒಬ್ಬೊಬ್ಬರಿಗೂ ಫೋನ್ ಮಾಡಿ. "ಇನ್ನೂ ಇದೆ ಸರ್, ಬನ್ನಿ ಮಾತಾಡೋಣ" ಅಂದರೆ ಆ ರೇಟಿಗೆ ಗಿರಾಕಿ ಇಲ್ಲ. "ಹೋಯಿತು" ಅಂದರೆ ಸುಮ್ನೆ ಕೇಳಿ, ಎಷ್ಟಕ್ಕೆ ಹೋಯಿತು ಅಂತ. ಮಾರಿ ಆದ ಮೇಲೆ ಹೆಚ್ಚಿನವರು ನಿಜ ಹೇಳುತ್ತಾರೆ, ಕೆಲವರು ಹೆಮ್ಮೆಯಿಂದ, ಕೆಲವರು ಹೊಟ್ಟೆಯುರಿಯಿಂದ. ವಿಟೆಕ್ ಓನರ್‌ಗಳ ವಾಟ್ಸಾಪ್ ಗುಂಪುಗಳಲ್ಲೂ ವಿಚಾರಿಸಿ.

ಇನ್ನು "ಮುಂದಿನ ವರ್ಷ ಆರು ಲಕ್ಷ" ಅನ್ನುವ ಮಾತು. ಸರಿ, ಲೆಕ್ಕ ಹಾಕೋಣ. ಗಾಡಿ 4.5ಕ್ಕೆ ಬಂತು ಅಂದುಕೊಳ್ಳಿ. ಆ ದುಡ್ಡು ಶೇಕಡ 7ಕ್ಕೆ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 31,500 ಬರುತ್ತಿತ್ತು. ಮನೆಯಲ್ಲಿ ಎರಡನೇ ಕಾರಿಗೆ ಜಾಗ ಇಲ್ಲದೆ ತಿಂಗಳಿಗೆ 2,000 ಕೊಟ್ಟು ಪಾರ್ಕಿಂಗ್ ಹಿಡಿದರೆ 24,000. ಸರ್ವಿಸ್, ಟೈರು, ಬುಷ್, ಬ್ಯಾಟರಿ ಅಂತ ಕಡಿಮೆ ಅಂದರೂ 40,000. ಒಟ್ಟು 95,500. ಪೆಟ್ರೋಲ್ ಸೇರಿಸಿಲ್ಲ. ಅಂದರೆ ಗಾಡಿಯ ಬೆಲೆ ವರ್ಷಕ್ಕೆ ಶೇಕಡ 21ರಷ್ಟು ಏರಿದರೆ ನಿಮ್ಮ ಕೈಯಿಂದ ಹೋಗಿದ್ದು ವಾಪಸ್ ಬಂತು, ಲಾಭ ಸೊನ್ನೆ. ವರ್ಷ ವರ್ಷವೂ ಹಾಗೆ ಏರುತ್ತದಾ?

ಮಾರುವಾಗ ಲಾಭ ಬಂದರೆ ಸ್ವಂತ ಬಳಕೆಯ ಕಾರಿಗೆ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಇಲ್ಲ, ಅದೊಂದು ಸಮಾಧಾನ. ಲಾಭ ಬಂದರೆ ಅಂತ ಹೇಳಿದೆ.

ಇನ್ಶೂರೆನ್ಸ್ ಕೂಡ ನೋಡಿ. ಐಡಿವಿಗೆ (ಗಾಡಿ ಕಳುವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ) ಇರುವ ಸವಕಳಿ ಪಟ್ಟಿ ಐದನೇ ವರ್ಷಕ್ಕೆ ಶೇಕಡ 50ಕ್ಕೆ ಬಂದು ನಿಲ್ಲುತ್ತದೆ. ಅದಾದ ಮೇಲೆ ಕಂಪನಿ ಮತ್ತು ನೀವು ಮಾತಾಡಿಕೊಂಡು ಒಪ್ಪಿದಷ್ಟು. ಇಷ್ಟು ಹಳೇ ಗಾಡಿಗೆ ಎಷ್ಟೋ ಕಡೆ ಥರ್ಡ್ ಪಾರ್ಟಿ ಬಿಟ್ಟು ಬೇರೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ನೀವು 4.75 ಕೊಟ್ಟ ಗಾಡಿ ನಾಳೆ ಕಳುವಾದರೆ ಕೈಗೆ ಬರುವುದು ಏನು ಅಂತ ತಗೊಳ್ಳುವ ಮೊದಲೇ ಕೇಳಿಕೊಳ್ಳಿ.

ಆರ್‌ಸಿ 2027ಕ್ಕೆ ಮುಗಿಯುತ್ತದೆ ಅಂದಿರಿ. 15 ವರ್ಷ ದಾಟಿದ ಕಾರಿನ ರಿನ್ಯೂವಲ್ ಫೀ 2022ರ ಏಪ್ರಿಲ್‌ನಿಂದ 600 ಇದ್ದದ್ದು 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಜೊತೆಗೆ ಗ್ರೀನ್ ಟ್ಯಾಕ್ಸ್, ಫಿಟ್ನೆಸ್ ಪಾಸ್ ಮಾಡಿಸುವ ಖರ್ಚು. ಫೀ ದೊಡ್ಡದಲ್ಲ, ಆದರೆ ಸರ್ಕಾರ ಯಾವ ಕಡೆ ಹೋಗುತ್ತಿದೆ ಅನ್ನುವುದು ಅದರಲ್ಲಿ ಕಾಣುತ್ತದೆ ಅಲ್ವಾ?

ಆಸೆಗೆ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಇನ್ವೆಸ್ಟ್‌ಮೆಂಟ್ ಅಂತ ಮನೆಯವರಿಗೆ ಹೇಳಬೇಡಿ, ಅವರಿಗೂ ಲೆಕ್ಕ ಬರುತ್ತದೆ.

ನ್ಯೂಜೆರ್ಸಿ_ಕನ್ನಡಿಗ:

ಒಳ್ಳೇ ಥ್ರೆಡ್. ಇಲ್ಲಿ ಅಮೆರಿಕದಲ್ಲಿ ಇದೇ ಹುಚ್ಚು ಇನ್ನೂ ದೊಡ್ಡ ಮಟ್ಟದಲ್ಲಿ ನಡೆದಿದೆ. ಇಂಟೆಗ್ರಾ ಟೈಪ್ ಆರ್, ಎಸ್2000, ಏರ್ ಕೂಲ್ಡ್ ಪೋರ್ಶೆ 911, ಎಲ್ಲದರ ಬೆಲೆ ಕೋವಿಡ್ ಸಮಯದಲ್ಲಿ ಹಾರಿತು, 2022ರ ನಂತರ ಸ್ವಲ್ಪ ತಣ್ಣಗಾಯಿತು. ಹೊರಗಿನಿಂದ ತರಿಸುವ ಗಾಡಿಗಳಿಗೆ 25 ವರ್ಷದ ರೂಲ್ ಇದೆ, ಅಮೆರಿಕಕ್ಕೆಂದು ಮಾಡದ ಗಾಡಿಯನ್ನು ಅಷ್ಟು ವಯಸ್ಸಾಗುವವರೆಗೆ ತರಿಸುವುದು ಕಷ್ಟ. ನಿಸ್ಸಾನ್ ಸ್ಕೈಲೈನ್ ಆರ್34ನ 1999ರ ಮಾಡೆಲ್‌ಗಳು 2024ರಲ್ಲಿ ಆ ಗಡಿ ದಾಟಿದವು. ಅದಕ್ಕೆ ವರ್ಷಗಳ ಮೊದಲೇ ಜಪಾನಿನಲ್ಲಿ ಕೊಂಡು ಇಟ್ಟು ಕಾದವರಿದ್ದಾರೆ.

ಲೆಕ್ಕದ ಪುಸ್ತಕ ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಮಾರಿಹೋದ ರೇಟಿನ ಮಾತು. ಇಲ್ಲಿ ಬ್ರಿಂಗ್ ಎ ಟ್ರೇಲರ್ ಥರದ ಆನ್‌ಲೈನ್ ಹರಾಜಿನಲ್ಲಿ ಪ್ರತಿ ಗಾಡಿ ಎಷ್ಟಕ್ಕೆ ಹೋಯಿತು ಅಂತ ಎಲ್ಲರಿಗೂ ಕಾಣುತ್ತದೆ. ಮೀಸಲು ಬೆಲೆ ಮುಟ್ಟದೆ ವಾಪಸ್ ಹೋಗಿದ್ದೂ ಕಾಣುತ್ತದೆ. ಮಾರುವವನು ಬುರುಡೆ ಬಿಡಲು ಜಾಗ ಕಡಿಮೆ.

ನಿಮಗೆ ಉಪಯೋಗಕ್ಕೆ ಬರಬಹುದಾದ ಒಂದು ವಿಷಯ. ಹ್ಯಾಗರ್ಟಿ ಅಂತ ಹಳೇ ಕಾರುಗಳ ಇನ್ಶೂರೆನ್ಸ್ ಕಂಪನಿ ಇದೆ, ಅವರ ಬೆಲೆ ಪಟ್ಟಿಯಲ್ಲಿ ಒಂದೇ ಮಾಡೆಲ್‌ಗೆ ನಾಲ್ಕು ರೇಟ್ ಇರುತ್ತದೆ. ಒಂದನೇ ದರ್ಜೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವ ಗಾಡಿ. ಎರಡನೆಯದು ಬಹಳ ಚೆನ್ನಾಗಿರುವುದು, ಹುಡುಕಿದರೆ ಮಾತ್ರ ಕೊರತೆ ಕಾಣುತ್ತದೆ. ಮೂರನೆಯದು ಚೆನ್ನಾಗಿ ಓಡುವ, ಹತ್ತಿರ ಹೋದರೆ ಗೀರು ಕಾಣುವ ಗಾಡಿ. ನಾಲ್ಕು ಅಂದರೆ ಓಡುತ್ತದೆ, ಕೆಲಸ ಇದೆ. ಒಂದನೇ ದರ್ಜೆಗೂ ಮೂರನೇ ದರ್ಜೆಗೂ ಬೆಲೆ ಎಷ್ಟೋ ಸಲ ಎರಡು ಪಟ್ಟು. ಅಲ್ಲಿ ಆರೂವರೆ ಕೇಳುತ್ತಿರುವ ಗಾಡಿ ಎರಡನೇ ದರ್ಜೆಯದ್ದು ಅಂತಲೇ ಇಟ್ಟುಕೊಳ್ಳಿ. ಮಾರುವವರು ಮಾಡುವ ಕಿತಾಪತಿ ಅಂದರೆ ಮೂರನೇ ದರ್ಜೆಯ ಗಾಡಿಗೆ ಎರಡನೇ ದರ್ಜೆಯ ರೇಟ್ ಕೇಳುವುದು. ನೀವು ನೋಡಿದ್ದು ಯಾವ ದರ್ಜೆ ಅಂತ ಮೊದಲು ನಿಮಗೆ ನೀವೇ ಹೇಳಿಕೊಳ್ಳಿ, ಆ ಎಂಜಿನ್ ದನಿ ಪಕ್ಕಕ್ಕಿಟ್ಟು.

ಏರುವ ಮಾರ್ಕೆಟ್‌ನಲ್ಲಿ ಮೊದಲು ಏರುವುದು, ಇಳಿಯುವಾಗ ಕೊನೆಗೆ ಇಳಿಯುವುದು ಮೇಲಿನ ದರ್ಜೆಯ ಗಾಡಿ. ಮಧ್ಯದವು ಜೊತೆಯಲ್ಲಿ ಏರಿದ ಹಾಗೆ ಕಾಣುತ್ತವೆ, ಬೇಗ ಬೀಳುತ್ತವೆ. ಇಲ್ಲಿ ನೋಡಿದ್ದು ಹೇಳುತ್ತಿದ್ದೇನೆ, ಅಲ್ಲೂ ಹಾಗೇ ಆಗಬೇಕು ಅಂತೇನಿಲ್ಲ.

ಧಾರವಾಡ_ಪೇಡೆ:

ಅಲ್ರೀ, ದಿಲ್ಲಿ ಕಡೆಯಿಂದ ಯಾಕೆ ನೋಡಬಾರದು? ಅಲ್ಲಿ 15 ವರ್ಷ ಆದ ಪೆಟ್ರೋಲ್ ಗಾಡಿ ರೋಡಿಗೆ ತರಲಿಕ್ಕೆ ತ್ರಾಸ ಐತಿ ಅಂತ ಸಸ್ತಾದಾಗ ಕೊಡ್ತಾರಂತ.

ಲೆಕ್ಕದ_ಪುಸ್ತಕ:

ಕೊಡುತ್ತಾರೆ ರೀ. ಆದರೆ ಅಲ್ಲಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ತರಬೇಕು, ರಿಜಿಸ್ಟ್ರೇಷನ್ ಅವಧಿ ಮುಗಿದಿದ್ದರೆ ಅದೇ ಒಂದು ಹೋರಾಟ. ಇಲ್ಲಿ ಬಂದ ಮೇಲೆ ಗಾಡಿಯ ವಯಸ್ಸಿನ ಪ್ರಕಾರ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಫಿಟ್ನೆಸ್ ಆಗಬೇಕು, ಹೊಸ ಕೆಎ ನಂಬರ್ ಬರಬೇಕು. ಟ್ರಕ್ಕಿನಲ್ಲಿ ಹಾಕಿ ತರಿಸುವ ಬಾಡಿಗೆ ಬೇರೆ. ಕೊನೆಗೆ ಮಾರಲು ಹೋದಾಗ "ದಿಲ್ಲಿ ಗಾಡಿನಾ?" ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ಲಕ್ಷ ರೂಪಾಯಿ ಉಳಿಯುವ ಹಾಗಿದ್ದರೆ ಮಾತ್ರ ಯೋಚನೆ ಮಾಡಿ.

ಕೆಎ05_ಪಯಣಿಗ:

ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ್ದನ್ನೆಲ್ಲ ಪಟ್ಟಿ ಮಾಡಿಕೊಂಡು, ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಮತ್ತೆ ಹೋಗಿ ಬಂದೆ. ಕುಡ್ಲ ಅವರೇ, ಗಾಡಿ ಬಿಳಿ.

ಅಸಲಿ ವಿಟೆಕ್ಕೇ. ಆರ್‌ಸಿ, ಎಂಜಿನ್ ನಂಬರ್, ಚಾಸಿ ನಂಬರ್ ಎಲ್ಲ ಹೊಂದುತ್ತವೆ. ಪೇಂಟ್ ಮೀಟರ್‌ನಲ್ಲಿ ಎಲ್ಲ ಕಡೆ 110ರಿಂದ 140 ಬಂತು, ಹಿಂದಿನ ಎಡ ಬಾಗಿಲು ಮತ್ತು ಅದರ ಪಕ್ಕದ ಭಾಗ ಮಾತ್ರ 380. ಗಾಜುಗಳೆಲ್ಲ ಒಂದೇ, ಮುಂದಿನ ಗ್ಲಾಸ್ ಮಾತ್ರ ಬದಲಾಗಿದೆ. ತುಕ್ಕು ಬಾಗಿಲಂಚಿನಲ್ಲಿ ಇಲ್ಲ, ಸ್ಟೆಪ್ನಿ ಗುಂಡಿಯಲ್ಲಿ ಮೇಲ್ಮೈ ತುಕ್ಕು ಸ್ವಲ್ಪ ಇದೆ.

ಡಿಕ್ಕಿಯ ಕಾರ್ಪೆಟ್ ಎತ್ತಿದಾಗ ಒಂದು ವಿಚಿತ್ರ ಕಾಣಿಸಿತು. ತಳದಲ್ಲಿ ಚೌಕಾಕಾರಕ್ಕೆ ನಾಲ್ಕು ತೂತು, ಸೀಲೆಂಟ್ ತುಂಬಿ ಮುಚ್ಚಿದ್ದಾರೆ. ಆರ್‌ಸಿ ಮತ್ತೆ ತೆಗೆದು ನೋಡಿದರೆ ಇಂಧನದ ಜಾಗದಲ್ಲಿ ಪೆಟ್ರೋಲ್ ಜೊತೆ ಎಲ್‌ಪಿಜಿ ಅಂತಲೂ ಇದೆ! ಕಿಟ್ ಯಾವಾಗಲೋ ಕಿತ್ತಿದ್ದಾರೆ, ಆರ್‌ಸಿಯಲ್ಲಿ ತೆಗೆಸಿಲ್ಲ. ಅದೇ ಆರ್‌ಸಿಯಲ್ಲಿ ಮೊದಲ ಓನರ್ ಮಾಡಿದ್ದ ಬ್ಯಾಂಕ್ ಸಾಲದ ಹೈಪಾಥಿಕೇಷನ್ (ಗಾಡಿ ಬ್ಯಾಂಕಿಗೆ ಅಡವು ಅನ್ನುವ ನಮೂದು) ಕೂಡ ಹಾಗೇ ಉಳಿದಿದೆ. ಮಧ್ಯೆ ಹೆಸರು ಬದಲಾವಣೆ ಹೇಗೆ ಆಯಿತೋ ದೇವರಿಗೇ ಗೊತ್ತು.

ಟೈಮಿಂಗ್ ಬೆಲ್ಟ್ ಬಿಲ್ ಇಲ್ಲ. ಸ್ಪ್ಯಾನರ್ ಅವರೇ, ನೀವು ಹೇಳಿದ ಬಿಸಿಲಿನ ಪರೀಕ್ಷೆ ಮಾಡಿದೆ. ಕೀ ತಿರುಗಿಸಿದರೆ ಗುಂಯ್ ಸದ್ದೇ ಇಲ್ಲ, ಎಂಜಿನ್ ತಿರುಗುತ್ತದೆ ಹತ್ತುವುದಿಲ್ಲ. ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. ಮಾರುವವರ ಮುಖ ನೋಡಬೇಕಿತ್ತು. ಎಡಗಡೆ ಹೆಡ್‌ಲೈಟ್ ಡೂಪ್ಲಿಕೇಟ್.

ಎಷ್ಟು ಹೇಳಲಿ?

ಮೈಸೂರು_ಸ್ಪ್ಯಾನರ್:

ರಿಲೇ ಬಗ್ಗೆ ಅವರಿಗೆ ಏನು ಅಂತ ಹೇಳಬೇಡಿ, ಸುಮ್ನಿರಿ 😄 ಬೆಸುಗೆ ನೀವು ತಗೊಂಡ ಮೇಲೆ ಹಾಕಿಸಿ. ಹಾಗೂ ಸರಿಹೋಗದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ ನೋಡಬೇಕು, ಆದರೆ ನೀವು ಹೇಳಿದ್ದು ಕೇಳಿದರೆ ರಿಲೇನೇ.

ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಸೀಲುಗಳು ಒಟ್ಟಿಗೆ ಮಾಡಿಸಿ. ಅರ್ಧ ಬಿಚ್ಚಿ ಮತ್ತೆ ಅರ್ಧ ಬಿಚ್ಚುವ ಕೆಲಸ ಬೇಡ. ಹಳೇ ಪೆಟ್ರೋಲ್ ಹೋಸ್ ಪೈಪುಗಳನ್ನೂ ಬದಲಾಯಿಸಿ. ಈಗ ಬಂಕ್‌ಗಳಲ್ಲಿ ಬರುತ್ತಿರುವುದು ಇ20, ಅಂದರೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್, ಆ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಗಾಡಿ ವಾರಗಟ್ಟಲೆ ನಿಲ್ಲಿಸುವವರಾದರೆ ಇದು ಇನ್ನೂ ಮುಖ್ಯ. ಇದಕ್ಕೆಲ್ಲ ಸೇರಿ ನನ್ನ ಅಂದಾಜಿನಲ್ಲಿ 35,000ದಿಂದ 40,000 ಪಕ್ಕಕ್ಕಿಡಿ.

ಎಲ್‌ಪಿಜಿ ಓಡಿದ ಗಾಡಿ ಅಂದರೆ ವಾಲ್ವ್ ಕ್ಲಿಯರೆನ್ಸ್ ನೋಡಿಸಿ. ಮತ್ತೆ 91,000 ಕಿಲೋಮೀಟರ್ ಅನ್ನುವುದನ್ನು ಮರೆತುಬಿಡಿ. ಕಡಿಮೆ ಓಡಿಸುವವರು ಯಾರೂ ಎಲ್‌ಪಿಜಿ ಹಾಕಿಸುವುದಿಲ್ಲ.

ಲೆಕ್ಕದ_ಪುಸ್ತಕ:

ಆ ಕೊನೇ ಸಾಲಿಗೆ ಐವತ್ತು ಸಾವಿರ ಕಡಿಮೆ ಮಾಡಬಹುದು.

ಹೈಪಾಥಿಕೇಷನ್ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಬ್ಯಾಂಕಿನ ಎನ್‌ಒಸಿ ಮತ್ತು ಅಡವು ತೆಗೆಸುವ ಫಾರ್ಮ್ 35 ಇಲ್ಲದೆ ಅದು ಹೋಗುವುದಿಲ್ಲ. ಇಷ್ಟು ಹಳೇ ಸಾಲ ಅಂದರೆ ಆ ಬ್ಯಾಂಕ್ ಬೇರೆ ಬ್ಯಾಂಕಿನ ಜೊತೆ ಸೇರಿಹೋಗಿರಬಹುದು, ಆ ಬ್ರಾಂಚೇ ಇಲ್ಲದಿರಬಹುದು. ಆ ಅಲೆದಾಟ ಮಾರುವವರದ್ದು, ನಿಮ್ಮದಲ್ಲ. "ಚಿಕ್ಕ ವಿಷಯ ಸರ್, ಏಜೆಂಟ್ ಮಾಡಿಸುತ್ತಾನೆ" ಅಂದರೆ ಆ ಏಜೆಂಟ್ ಕೈಯಲ್ಲಿ ಮೊದಲು ಮಾಡಿಸಿ ತೋರಿಸಿ ಅನ್ನಿ. ಎಲ್‌ಪಿಜಿ ತೆಗೆದದ್ದೂ ಆರ್‌ಸಿಯಲ್ಲಿ ಬರಲಿ. ಇಲ್ಲದಿದ್ದರೆ 2027ರಲ್ಲಿ ಫಿಟ್ನೆಸ್‌ಗೆ ಹೋದಾಗ "ಟ್ಯಾಂಕ್ ಎಲ್ಲಿ?" ಅಂತ ನಿಮ್ಮನ್ನು ಕೇಳುತ್ತಾರೆ. ಬಾಕಿ ಟ್ರಾಫಿಕ್ ಫೈನ್ ಎಷ್ಟಿದೆ ಅಂತ ಗಾಡಿ ನಂಬರ್ ಹಾಕಿ ನೋಡಿ. ಅಡ್ವಾನ್ಸ್ ಹತ್ತು ಸಾವಿರಕ್ಕಿಂತ ಜಾಸ್ತಿ ಬೇಡ. ಉಳಿದದ್ದು ಆರ್‌ಸಿ ಕ್ಲೀನ್ ಆಗಿ, ಓನರ್ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಸಹಿ ಬಿದ್ದ ದಿನ.

ನಾನಾದರೆ 3.50ರಿಂದ ಶುರು ಮಾಡಿ 3.75ಕ್ಕೆ ನಿಲ್ಲುತ್ತಿದ್ದೆ. ನ್ಯೂಜೆರ್ಸಿಯವರ ಲೆಕ್ಕದಲ್ಲಿ ಇದು ಒಳ್ಳೇ ಮೂರನೇ ದರ್ಜೆಯ ಗಾಡಿ.

ಹಳೆಗಾಡಿ_ಹುಚ್ಚ:

3.75ಕ್ಕೆ ಬಿಟ್ಟುಕೊಟ್ಟರೆ ಪುಣ್ಯ. ಒಂದೇ ಬಾಗಿಲು ಬಿಟ್ಟು ಉಳಿದದ್ದೆಲ್ಲ ಕಂಪನಿ ಪೇಂಟ್ ಇರುವ, ತುಕ್ಕಿಲ್ಲದ ವಿಟೆಕ್ ಇವತ್ತು ಎಲ್ಲಿ ಸಿಗುತ್ತದೆ ಹೇಳಿ ನೋಡೋಣ. ಇಪ್ಪತ್ತೈದು ಸಾವಿರಕ್ಕೆ ಜಗ್ಗಾಡಿ ಗಾಡಿ ಕಳೆದುಕೊಳ್ಳಬೇಡ ಗುರು, ನನ್ನ ಮಾತು ಅಷ್ಟೇ. ನಾನಾದರೆ ನಾಲ್ಕರವರೆಗೆ ಹೋಗುತ್ತಿದ್ದೆ.

ಕೆಎ05_ಪಯಣಿಗ:

3.70 ಹೇಳಿದ್ದೇನೆ. ಹೈಪಾಥಿಕೇಷನ್ ಮತ್ತು ಎಲ್‌ಪಿಜಿ ಎರಡೂ ಅವರೇ ತೆಗೆಸಿಕೊಡಬೇಕು ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದೇನೆ. "ಬೇರೆ ಪಾರ್ಟಿ 4.50ಕ್ಕೆ ರೆಡಿ ಇದ್ದಾರೆ ಸರ್" ಅಂತ ಬಂತು. ಸರಿ, ಅವರಿಗೇ ಕೊಡಿ ಅಂದೆ. ಎರಡು ನೀಲಿ ಟಿಕ್ ಬಿದ್ದಿವೆ. ಮಧ್ಯಾಹ್ನ ಅವರೇ ಫೋನ್ ಮಾಡಿ ಹಳೇ ಬ್ಯಾಂಕ್ ಈಗ ಯಾವ ಹೆಸರಿನಲ್ಲಿದೆ ಅಂತ ನನ್ನನ್ನೇ ಕೇಳಿದರು.

ಅದಿರಲಿ, ಎಡಗಡೆ ಹೆಡ್‌ಲೈಟ್ ಕಂಪನಿಯದ್ದು ಯಾರ ಹತ್ತಿರವಾದರೂ ಇದೆಯಾ?

ಕುಡ್ಲ_ಡ್ರೈವ್ಸ್:

ಇಲ್ಲಿ ಒಂದು ಗುಜರಿಯಲ್ಲಿ ಟೈಪ್ 2ದು ಒಂದು ಬಿದ್ದಿತ್ತು, ಫಿಟ್ಟಿಂಗ್ ಕಿವಿಗಳು ಮುರಿದಿರಲಿಲ್ಲ. ಎಡಗಡೆಯದಾ ಬಲಗಡೆಯದಾ ನೋಡಿ ನಾಳೆ ಫೋಟೋ ಹಾಕುತ್ತೇನೆ. ರೇಟ್ ಮಾತ್ರ ನೀವೇ ಮಾತಾಡಿ, ಅವನಿಗೂ ವಿಟೆಕ್ ರೇಟ್ ಏರಿದ್ದು ಗೊತ್ತಾಗಿದೆ.